ಒತ್ತಡ ಇಳಿಸಿದರೆ ಪೆಟ್ರೋಲ್ ಹೆಚ್ಚುವ ಕಾರು

ಎಲ್ಲರಿಗೂ ನಮಸ್ಕಾರ.

ಹಳೆಯ ಟರ್ಬೊ ಕಾರಿನ ಫ್ಯೂಯಲ್ ಪ್ರೆಷರ್ ಬಗ್ಗೆ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ: "ಸರ್, ಎಷ್ಟು ಬಾರ್ ಇಡಬೇಕು?" ಬಾರ್ ಎಂದರೆ ಒತ್ತಡದ ಅಳತೆ. ಒಂದು ಅಂಕಿ ಹೇಳಿ ನಾನು ಕೂತುಬಿಡಬಹುದು. ಆದರೆ ಗೇಜಿನ ಮುಳ್ಳು ತೋರಿಸುವ ಒತ್ತಡ ಬೇರೆ, ಸಿಲಿಂಡರಿಗೆ ಬೀಳುವ ಪೆಟ್ರೋಲ್ ಬೇರೆ. ಇವೆರಡರ ನಂಟು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಅದನ್ನು ತಿಳಿಯದೆ ಸ್ಕ್ರೂ ತಿರುಗಿಸಲು ಹೋದವರ ಪಿಸ್ಟನ್‌ಗಳು ಕರಗಿವೆ. ಟರ್ಬೊ ಎಂಜಿನ್ನಿನಲ್ಲಿ ಪೂರ್ಣ ಬೂಸ್ಟ್ (ಟರ್ಬೊ ಒಳಕ್ಕೆ ನೂಕುವ ಗಾಳಿಯ ಹೆಚ್ಚುವರಿ ಒತ್ತಡ) ಬಂದಾಗ ಪೆಟ್ರೋಲ್ ಬರೀ ಉರುವಲಲ್ಲ, ತಂಪು ಮಾಡುವ ಕೆಲಸವೂ ಅದರದ್ದೇ. ಮಾಮೂಲಿ ಓಟಕ್ಕೆ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕು. ಬೂಸ್ಟಿನಲ್ಲಿ 12ರ ಆಸುಪಾಸಿಗೆ ಬರಬೇಕು. ಅಲ್ಲಿ ಮಿಕ್ಸ್ಚರ್ ಲೀನ್ ಆಯಿತೋ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳಲಿಲ್ಲವೋ, ನಾಕಿಂಗ್ ಶುರು: ಮಿಕ್ಸ್ಚರ್ ಹಿಡಿತವಿಲ್ಲದೆ ತಾನೇ ಸಿಡಿಯುತ್ತದೆ.

ಮೊದಲು ಸುಲಭದ ಕಾರು ನೋಡೋಣ. 1985ರಲ್ಲಿ ಬಂದ ಪೋರ್ಷೆ 944 ಟರ್ಬೊ: ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್, 220 ಅಶ್ವಶಕ್ತಿ, ಬಾಷ್‌ನ ಮೋಟ್ರಾನಿಕ್ ಕಂಪ್ಯೂಟರ್. ಪೆಟ್ರೋಲಿನ ಒತ್ತಡ ಹಿಡಿದಿಡುವ ಇದರ ರೆಗ್ಯುಲೇಟರ್ 2.5 ಬಾರ್‌ನದು. ರೆಗ್ಯುಲೇಟರಿನ ತಲೆಗೆ ಇಂಟೇಕ್ ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳಿಗೆ ಗಾಳಿ ಹೋಗುವ ಕೊಳವೆ) ಒಂದು ಸಣ್ಣ ರಬ್ಬರ್ ಹೋಸ್ ಬಂದು ಸೇರುತ್ತದೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಅರ್ಧ ಬಾರ್‌ನಷ್ಟು ಎಳೆಯುತ್ತಿದ್ದರೆ ಗೇಜ್ 2 ಎನ್ನುತ್ತದೆ. ಮುಕ್ಕಾಲು ಬಾರ್ ಬೂಸ್ಟ್ ಬಂದರೆ 3.25 ಎನ್ನುತ್ತದೆ. ಎರಡೂ ಸರಿಯೇ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಹಿಂದಿನ ಒತ್ತಡಕ್ಕೂ ಮುಂದಿನ ಒತ್ತಡಕ್ಕೂ ಇರುವ ವ್ಯತ್ಯಾಸ ಯಾವಾಗಲೂ 2.5 ಇರುತ್ತದೆ. ಇಂಜೆಕ್ಟರಿಗೆ ಗೊತ್ತಿರುವುದು ಆ ವ್ಯತ್ಯಾಸವೊಂದೇ.

ಈಗ ಆ ಹೋಸ್ ಒಣಗಿ ಕಳಚಿಕೊಂಡಿದೆ ಎನ್ನಿ. ಬೂಸ್ಟಿನಲ್ಲೂ ಗೇಜ್ 2.5ರಲ್ಲೇ ನಿಲ್ಲುತ್ತದೆ. ನೋಡಿದವರು "ಕಂಪನಿ ಹೇಳಿದಷ್ಟೇ ಇದೆಯಲ್ಲ" ಎಂದು ಸಮಾಧಾನಪಡುತ್ತಾರೆ. ಆದರೆ ವ್ಯತ್ಯಾಸ 1.75ಕ್ಕೆ ಇಳಿದಿರುತ್ತದೆ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ, ಸುಮಾರು 16 ಶೇಕಡಾ ಪೆಟ್ರೋಲ್ ಕಡಿಮೆ. ಅದೂ ಎಂಜಿನ್ನಿಗೆ ಹೆಚ್ಚು ಬೇಕಾದ ಹೊತ್ತಿನಲ್ಲೇ. ನಾಕ್ ಸೆನ್ಸರ್ ಇಗ್ನಿಷನ್ ಹಿಂದಕ್ಕೆಳೆದು, ಅಂದರೆ ಕಿಡಿಯನ್ನು ತಡಮಾಡಿ, ಒಂದಿಷ್ಟು ಕಾಪಾಡಬಹುದು, ಅಷ್ಟೇ. 3 ಬಾರ್ ರೆಗ್ಯುಲೇಟರ್ ಹಾಕಿಸಿಕೊಳ್ಳುವುದೂ ಇದೇ ಲೆಕ್ಕ. 2.5ರಿಂದ 3ಕ್ಕೆ ಹೋದರೆ ಒತ್ತಡ 20 ಶೇಕಡಾ ಏರುತ್ತದೆ, ಪೆಟ್ರೋಲ್ ಏರುವುದು ಒಂಬತ್ತೂವರೆ ಶೇಕಡಾ ಮಾತ್ರ. ಬೂಸ್ಟಿಗೆಂದು ಮಾಡಿದ್ದು ಐಡ್ಲಿಂಗ್‌ನಲ್ಲೂ ಏರುತ್ತದೆ.

ಇನ್ನು 1975ರ ಪೋರ್ಷೆ 930. ನನಗೆ ಇಷ್ಟವಾದದ್ದು ಇದು. ಮೂರು ಲೀಟರ್, 260 ಅಶ್ವಶಕ್ತಿ, ಇಂಜೆಕ್ಷನ್ ಬಾಷ್‌ನ ಕೆ-ಜೆಟ್ರಾನಿಕ್. ಬಾಷ್ ಎಂದರೆ ಬೆಂಗಳೂರಿನವರಿಗೆ ಆಡುಗೋಡಿಯ ಮೈಕೋ, ಡೀಸೆಲ್ ಪಂಪು. ಅದೇ ಮನೆತನದ ಈ ಪೆಟ್ರೋಲ್ ವ್ಯವಸ್ಥೆಯಲ್ಲಿ ಮಿಕ್ಸ್ಚರ್ ಲೆಕ್ಕ ಹಾಕುವ ಕಂಪ್ಯೂಟರೇ ಇಲ್ಲ. ಒಳಗೆ ನುಗ್ಗುವ ಗಾಳಿ ಒಂದು ದುಂಡು ತಟ್ಟೆಯನ್ನು ಎತ್ತುತ್ತದೆ, ತಟ್ಟೆ ಒಂದು ಪ್ಲಂಜರನ್ನು ಮೇಲಕ್ಕೆ ತಳ್ಳುತ್ತದೆ, ಪ್ಲಂಜರ್ ಏರಿದಷ್ಟೂ ಪೆಟ್ರೋಲಿನ ಸೀಳುಗಳು ತೆರೆಯುತ್ತವೆ. ಇಂಜೆಕ್ಟರುಗಳು ಎಡೆಬಿಡದೆ ಸಿಂಪಡಿಸುತ್ತಲೇ ಇರುತ್ತವೆ.

ಇಲ್ಲಿ ಒತ್ತಡ ಎರಡು ಬಗೆ. ಪಂಪ್ ಕಡೆಯದು ಸಿಸ್ಟಮ್ ಪ್ರೆಷರ್. ಪ್ಲಂಜರಿನ ನೆತ್ತಿಯ ಮೇಲೆ ಕೂತು ಅದನ್ನು ಕೆಳಕ್ಕೆ ಅದುಮುವುದು ಕಂಟ್ರೋಲ್ ಪ್ರೆಷರ್. ತಕ್ಕಡಿಯ ಹಾಗೆ: ಒಂದು ಕಡೆ ಗಾಳಿ, ಇನ್ನೊಂದು ಕಡೆ ಈ ಒತ್ತಡ. ಕಂಟ್ರೋಲ್ ಪ್ರೆಷರ್ ಇಳಿಸಿದರೆ ಅಷ್ಟೇ ಗಾಳಿಗೆ ಪ್ಲಂಜರ್ ಇನ್ನೂ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಏರಿಸಿದರೆ ಲೀನ್. "ಬೂಸ್ಟ್ ಜಾಸ್ತಿ ಮಾಡಿದೀನಿ, ಪ್ರೆಷರೂ ಜಾಸ್ತಿ ಮಾಡಿಬಿಡೋಣ" ಎಂದು ಹೊರಟವರು ಇಲ್ಲಿ ಎಂಜಿನ್ ಸುಡುತ್ತಾರೆ.

ಕಂಟ್ರೋಲ್ ಪ್ರೆಷರನ್ನು ನೋಡಿಕೊಳ್ಳುವುದು ವಾರ್ಮ್-ಅಪ್ ರೆಗ್ಯುಲೇಟರ್. ಒಳಗೊಂದು ಬಿಸಿಗೆ ಬಾಗುವ ಬೈಮೆಟಲ್ ಪಟ್ಟಿ, ಅದನ್ನು ಕಾಯಿಸುವ ಕಾಯಿಲ್. ಎಂಜಿನ್ ತಣ್ಣಗಿದ್ದಾಗ ಒತ್ತಡ ಕಡಿಮೆ, ಹಾಗಾಗಿ ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕೆಲವು ನಿಮಿಷಗಳಲ್ಲಿ ಏರಿ ಮೂರೂವರೆ ಬಾರ್‌ನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಟರ್ಬೊ ಕಾರಿನದಕ್ಕೆ ಮ್ಯಾನಿಫೋಲ್ಡ್ ಹೋಸ್ ಕೂಡ ಉಂಟು. ಬೂಸ್ಟ್ ಬಂದ ಕೂಡಲೇ ಅದು ಒತ್ತಡವನ್ನು ಇಳಿಸಿ ಪೆಟ್ರೋಲ್ ಕೂಡಿಸುತ್ತದೆ. ಈ ರೆಗ್ಯುಲೇಟರಿನ ಪ್ಲಗ್ ಮೇಲೆ ಸುತ್ತಿಗೆಯಿಂದ ತಟ್ಟಿ ಹೊಂದಿಸುವವರಿದ್ದಾರೆ. ಒಳಕ್ಕೆ ಹೋದದ್ದನ್ನು ವಾಪಸ್ ಎಳೆಯುವುದು ಎಷ್ಟು ಕಷ್ಟವೆಂದು ತಟ್ಟಿದ ಮೇಲೆ ಗೊತ್ತಾಗುತ್ತದೆ. ಹೊರಗಿನಿಂದ ಸ್ಕ್ರೂ ಇರುವಂತೆ ಮಾರ್ಪಡಿಸಿಕೊಳ್ಳುವುದೇ ಮೇಲು.

ಅಳೆಯುವ ಕ್ರಮ ಹೀಗಿದೆ. ಪ್ಲಂಜರ್ ಇರುವ ಫ್ಯೂಯಲ್ ಡಿಸ್ಟ್ರಿಬ್ಯೂಟರಿಗೂ ಈ ರೆಗ್ಯುಲೇಟರಿಗೂ ನಡುವೆ ಗೇಜ್ ಕೂರಬೇಕು, ರೆಗ್ಯುಲೇಟರಿನ ಕಡೆಗೆ ಒಂದು ವಾಲ್ವ್. ವಾಲ್ವ್ ಮುಚ್ಚಿದರೆ ಸಿಸ್ಟಮ್ ಪ್ರೆಷರ್, ತೆರೆದರೆ ಕಂಟ್ರೋಲ್ ಪ್ರೆಷರ್. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲೇ ಮೊದಲ ರೀಡಿಂಗ್ ತೆಗೆಯಿರಿ, ಬಿಸಿಯಾದ ಮೇಲೆ ಎರಡನೆಯದು. ಆಫ್ ಮಾಡಿದ ಮೇಲೂ ಮುಳ್ಳನ್ನು ನೋಡುತ್ತಿರಿ. ಸರ್ರನೆ ಸೊನ್ನೆಗಿಳಿದರೆ ಎಲ್ಲೋ ಸೋರಿಕೆ ಇದೆ. ಸಿಸ್ಟಮ್ ಪ್ರೆಷರ್ ತಪ್ಪಿದ್ದರೆ ಡಿಸ್ಟ್ರಿಬ್ಯೂಟರಿನ ಶಿಮ್ (ತೆಳು ಬಿಲ್ಲೆ) ಬದಲಿಸಬೇಕು. ಐಡ್ಲಿಂಗ್ ಮಿಕ್ಸ್ಚರಿಗೆ 3 ಮಿಲಿಮೀಟರ್ ಅಲೆನ್ ಕೀ ಸಾಕು, ಅದಕ್ಕೆಂದು ಒತ್ತಡ ಮುಟ್ಟಬೇಡಿ.

ನಮ್ಮ ದೇಶದಲ್ಲಿ ಈಗ ಇನ್ನೊಂದು ತೊಡಕು ಸೇರಿದೆ: ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. 14.7 ಇದ್ದ ಅನುಪಾತ ಇದಕ್ಕೆ ಹದಿಮೂರೂವರೆಯ ಹತ್ತಿರ ಬರುತ್ತದೆ. ಮಿಕ್ಸ್ಚರನ್ನು ತಾನೇ ತಿದ್ದಿಕೊಳ್ಳಲು ಆಮ್ಲಜನಕದ ಸೆನ್ಸರ್ ಇಲ್ಲದ 930ಯಂಥ ಕಾರು ಏನೂ ಮುಟ್ಟದೆಯೇ ಏಳೆಂಟು ಶೇಕಡಾ ಲೀನ್ ಆಗಿರುತ್ತದೆ. ಹಳೇ ರಬ್ಬರ್ ಹೋಸುಗಳಿಗೂ ಎಥನಾಲ್ ಒಗ್ಗುವುದಿಲ್ಲ, ಅವನ್ನು ಮೊದಲು ಬದಲಿಸಿ. ಪೆಟ್ರೋಲ್ ಚಿಮ್ಮಿದರೆ ಬೀಳುವುದು ಬಿಸಿ ಎಕ್ಸಾಸ್ಟಿನ ಮೇಲೆ.

ಕೊನೆಗೆ ರಸ್ತೆ, ಅಥವಾ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಪೂರ್ಣ ಬೂಸ್ಟಿಗೆ ಹೋಗಬೇಡಿ. ಆರ್‌ಪಿಎಂ ಏರುತ್ತಾ ಹೋದಂತೆ ಸಿಸ್ಟಮ್ ಪ್ರೆಷರ್ ಕುಸಿಯುತ್ತಿದ್ದರೆ ದೋಷ ಪಂಪಿನದ್ದು, ಫಿಲ್ಟರಿನದ್ದು ಅಥವಾ ಪಂಪಿಗೆ ಹೋಗುವ ಹಳೇ ವೈರಿನದ್ದು. ಅಲ್ಲಿಗೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಶಿಮ್ಮು, ಸ್ಕ್ರೂ ಯಾವುದೂ ಅದನ್ನು ಸರಿಮಾಡದು.

ಗೇಜ್ ಜೋಡಿಸುವುದನ್ನು ಈಗ ಹೊರಗೆ ತೋರಿಸುತ್ತೇನೆ. ಎಂಜಿನ್ ಬೆಳಗಿನಿಂದ ತಣ್ಣಗೇ ಇದೆ. ಹತ್ತಿರ ಬರುವವರು ಸಿಗರೇಟು, ಬೆಂಕಿಪೊಟ್ಟಣ ಇಲ್ಲೇ ಮೇಜಿನ ಮೇಲಿಟ್ಟು ಬನ್ನಿ.