ಬೆಳ್ಳಂದೂರು ಕೆರೆಗೆ ವಿಮಾನ ಇಳೀತಿದ್ದ ಕಾಲ

ಎಲ್ರಿಗೂ ನಮಸ್ಕಾರ. ಬೆಳ್ಳಂದೂರು ಕೆರೆ ಅಂದ ತಕ್ಷಣ ಏನ್ ನೆನಪಾಗತ್ತೆ ನಿಮ್ಗೆ? ನೊರೆ, ನಾತ, ರಿಂಗ್ ರೋಡ್ ಟ್ರಾಫಿಕ್ಕು, ಕೆರೆಗೇ ಬೆಂಕಿ ಬಿದ್ದ ನ್ಯೂಸು. ಎರಡನೇ ಮಹಾಯುದ್ಧದ ಟೈಮಲ್ಲಿ ಇದೇ ಕೆರೆಗೆ ಮಿಲಿಟರಿ ವಿಮಾನ ಬಂದು ಇಳೀತಿದ್ವು. ಕೆರೆ ಪಕ್ಕದ ರನ್‌ವೇಗಲ್ಲ ಮತ್ತೆ, ನೀರಿಗೇ.

ನಮ್ ತಾತ ಆ ಕಡೆಯೋರು. ದನ ಬಿಟ್ಕೊಂಡು ಕೆರೆ ಏರಿ ಮೇಲೆ ಕೂತಿರ್ತಿದ್ದ ಹುಡುಗ್ರಲ್ಲಿ ಅವ್ರೂ ಒಬ್ರು. "ಇಮಾನ ನೀರಿಗೆ ಇಳಿಯೋ ಮುಂಚೆ ರೆಕ್ಕೆ ತುದೀಲಿ ಕಾಲು ಬಿಡ್ತಿತ್ತು ಕಣ್ರೋ, ಪಕ್ಕೇಲಿ ಗಾಜಿನ ಗುಳ್ಳೆ, ಅದ್ರೊಳಗಿಂದ ಒಬ್ಬ ದೊರೆ ಕೈ ಬೀಸೋನು" ಅಂತ ಅವ್ರು ಹೇಳೋರು, ನಾವು ಬಿದ್ದು ಬಿದ್ದು ನಗ್ತಿದ್ವಿ, ತಾತ ರೀಲ್ ಬಿಡ್ತಾರೆ ಅಂತ. ಆಮೇಲೆ ಆ ವಿಮಾನದ ಫೋಟೋ ನೋಡಿದೆ ನೋಡಿ, ಒಂದು ಮಾತೂ ಸುಳ್ಳಿಲ್ಲ.

[ಸ್ಕ್ರೀನ್ ಮೇಲೆ: ಕ್ಯಾಟಲೀನಾ ಫೋಟೋ, ನಿಧಾನಕ್ಕೆ ಝೂಮ್]

ಇದ್ರ ಹೆಸರು ಕ್ಯಾಟಲೀನಾ. ಅಮೆರಿಕದವ್ರು ಡಿಸೈನ್ ಮಾಡಿದ್ದು. ಹೊಟ್ಟೆ ನೋಡಿ, ಥೇಟ್ ದೋಣಿ ತಳ. ರೆಕ್ಕೆ ಮಾತ್ರ ಮೈಗೆ ಅಂಟ್ಕೊಂಡಿಲ್ಲ, ಮೇಲೆ ಒಂದು ಕಂಬದ ಮೇಲೆ ಕೂತಿದೆ, ಯಾಕಂದ್ರೆ ಎರಡು ಇಂಜಿನ್ನೂ ಅದರ ಪ್ರೊಪೆಲ್ಲರ್ರೂ ನೀರಿನ ಸಿಡಿತಕ್ಕೆ ಸಿಗಬಾರ್ದು. ಈ ತುದಿಯಿಂದ ಆ ತುದಿಗೆ ರೆಕ್ಕೆ ಅಳತೆ 104 ಅಡಿ! ತಾತ ಹೇಳಿದ "ಕಾಲು" ಇಲ್ಲಿದೆ ನೋಡಿ, ಇದು ಫ್ಲೋಟು. ಹಾರುವಾಗ ಮೇಲಕ್ಕೆ ಮಡಚ್ಕೊಂಡು ರೆಕ್ಕೆ ತುದಿನೇ ಆಗ್ಬಿಡತ್ತೆ, ಇಳಿಯೋ ಟೈಮಿಗೆ ಕೆಳಗೆ ಬಿಡ್ತಾರೆ, ವಿಮಾನ ನೀರಲ್ಲಿ ಒಂದು ಕಡೆಗೆ ವಾಲದ ಹಾಗೆ. ಇನ್ನು ಗಾಜಿನ ಗುಳ್ಳೆ ಅಂದ್ರೆ ಎರಡೂ ಪಕ್ಕೆಯಲ್ಲಿ ಉಬ್ಬಿರೋ ಈ ಕಿಟಕಿ. ಮೆಷಿನ್ ಗನ್ ಹಿಡ್ಕೊಂಡು ಕೂರೋ ಜಾಗ ಅದು, ಗಂಟೆಗಟ್ಲೆ ಸಮುದ್ರ ನೋಡ್ತಾ ಕೂರೋ ಜಾಗಾನೂ ಅದೇ. ಅಂದ್ರೆ ಹುಡುಗ್ರಿಗೆ ಕೈ ಬೀಸಿದೋನು ಬಹುಶಃ ಪೈಲಟ್ ಅಲ್ಲವೇ ಅಲ್ಲ, ಗನ್ನರ್ರು. ಪೈಲಟ್ ಮುಂದ್ಗಡೆ ಕಾಕ್‌ಪಿಟ್ಟಲ್ಲಿರ್ತಾನೆ, ನೀರಿಗೆ ಇಳಿಸೋವಾಗ ಅವ್ನಿಗೆ ಕೈ ಬೀಸೋಕೆ ಪುರುಸೊತ್ತೆಲ್ಲಿ.

ಸರಿ, ಸಮುದ್ರದ ಮೇಲೆ ಹಾರೋ ವಿಮಾನಕ್ಕೆ ಬೆಂಗಳೂರಲ್ಲೇನು ಕೆಲಸ?

ರಿಪೇರಿ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವ್ರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು, ಇವತ್ತಿನ ಎಚ್‌ಎಎಲ್. ಆಗ ಮಿರ್ಜಾ ಇಸ್ಮಾಯಿಲ್ ಅವ್ರು ದಿವಾನ್ರು. ವಿಮಾನ ಕಟ್ಟೋ ಪ್ಲಾನ್ ಇತ್ತು, ಆದ್ರೆ ಜಪಾನ್ ಯುದ್ಧಕ್ಕೆ ಇಳಿದ ಮೇಲೆ ಕಟ್ಟೋದಕ್ಕಿಂತ ರಿಪೇರಿನೇ ಅರ್ಜೆಂಟ್ ಆಯ್ತು. 1943ರಲ್ಲಿ ಅಮೆರಿಕದ ಏರ್‌ಫೋರ್ಸ್‌ನೋರೇ ಬಂದು ಫ್ಯಾಕ್ಟರಿ ನಡೆಸೋಕೆ ಕೂತ್ರು. ಬಾಂಬರ್ರು, ಸಾಮಾನು ಸಾಗಿಸೋ ಡಕೋಟಾ, ಎಲ್ಲಾ ಇಲ್ಲಿಗೇ. ಅವೆಲ್ಲ ರನ್‌ವೇಗೆ ಇಳೀತಿದ್ವು, ಕ್ಯಾಟಲೀನಾಗೆ ಮಾತ್ರ ಹತ್ರದಲ್ಲೇ ಬೆಳ್ಳಂದೂರು ಕೆರೆ ರೆಡಿ ಇತ್ತು. ಇದ್ರಲ್ಲಿ ಒಂದು ಮಾಡೆಲ್ಲಿಗೆ ಸ್ವಂತ ಚಕ್ರ ಇರ್ತಿತ್ತು. ಇಲ್ದೇ ಇರೋದಕ್ಕೆ ಜನ ನೀರಿಗೆ ಇಳಿದು, ಪಕ್ಕಕ್ಕೂ ಬಾಲಕ್ಕೂ ಚಕ್ರ ಕಟ್ಟಿ, ಆಮೇಲೆ ದಡಕ್ಕೆ ಎಳೀಬೇಕು. ಊರ ಹುಡುಗ್ರಿಗೆ ಹಾರೋದಕ್ಕಿಂತ ಇದೇ ದೊಡ್ಡ ತಮಾಷೆ ಅಂತೆ, ದನ ಯಾರ ಹೊಲಕ್ಕೆ ನುಗ್ಗಿದ್ರೂ ಖಬರೇ ಇರ್ತಿರ್ಲಿಲ್ವಂತೆ.

ಇವ್ರಿಗೆ ತಮಾಷೆ, ಒಳಗಡೆ ಕೂತೋರ ಕಥೆನೇ ಬೇರೆ. 1942ರ ಏಪ್ರಿಲ್ 4ಕ್ಕೆ ಹೋಗೋಣ.

[ಮ್ಯಾಪ್: ಸಿಲೋನ್, ಕೊಗ್ಗಲ]

ಲಿಯೊನಾರ್ಡ್ ಬರ್ಚಲ್ ಅಂತ ಕೆನಡಾದ ಪೈಲಟ್ಟು. ಸಿಲೋನ್‌ಗೆ, ಅಂದ್ರೆ ಇವತ್ತಿನ ಶ್ರೀಲಂಕಾಗೆ, ಬಂದು ಎರಡೇ ದಿನ ಆಗಿತ್ತು. ಅಲ್ಲಿನ ಕೊಗ್ಗಲದಿಂದ ಕ್ಯಾಟಲೀನಾ ತಗೊಂಡು ದಕ್ಷಿಣಕ್ಕೆ ನೂರಾರು ಮೈಲಿ ದೂರ ಗಸ್ತಿಗೆ ಹೋದ್ರು. ಇನ್ನೇನು ವಾಪಸ್ ತಿರುಗ್ಬೇಕು, ಅಷ್ಟ್ರಲ್ಲಿ ದೂರದಲ್ಲಿ ಚುಕ್ಕೆಗಳು ಕಂಡ್ವು. ಹತ್ರ ಹೋಗಿ ನೋಡಿದ್ರೆ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ್ದ ಜಪಾನಿನ ಅಡ್ಮಿರಲ್ ನಗುಮೋನ ಹಡಗುಗಳು! ಓಡಿ ತಪ್ಪಿಸ್ಕೊಳ್ಳೋಕೆ ಕ್ಯಾಟಲೀನಾಗೆ ಸ್ಪೀಡೇ ಇಲ್ಲ. ರೇಡಿಯೋದಲ್ಲಿ ಮೆಸೇಜ್ ಕಳಿಸ್ತಾ ಇರೋವಾಗ್ಲೇ ಜಪಾನಿನ ಝೀರೋ ಫೈಟರ್‌ಗಳು ಮೇಲೆ ಬಿದ್ವು, ವಿಮಾನ ಸಮುದ್ರಕ್ಕೆ ಬಿತ್ತು. ಒಂಬತ್ತು ಜನದಲ್ಲಿ ಮೂರು ಜನ ಸತ್ರು, ಬರ್ಚಲ್ ಸೇರಿ ಆರು ಜನ ಸೆರೆ ಸಿಕ್ಕಿದ್ರು, 1945ರವರೆಗೂ ಜಪಾನಿನ ಕ್ಯಾಂಪಲ್ಲಿ. ಆ ಮೆಸೇಜಿಂದ ಕೊಲಂಬೋಗೆ ಮುಂಚೇನೇ ಸುಳಿವು ಸಿಕ್ತು. ಮಾರನೇ ದಿನ ದಾಳಿ ಆಗೇ ಆಯ್ತು, ಏಪ್ರಿಲ್ 6ಕ್ಕೆ ನಮ್ಮ ವಿಶಾಖಪಟ್ಟಣ, ಕಾಕಿನಾಡದ ಮೇಲೂ ಬಾಂಬ್ ಬಿತ್ತು.

ಏರಿ ಮೇಲಿದ್ದ ಹುಡುಗ್ರಿಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ. ಯುದ್ಧ ಯಾರ ಜೊತೆ ಅಂತ ಕೇಳಿದ್ರೆ ತಾತ ಜರ್ಮನಿ ಅಂತಾನೇ ಹೇಳೋರು. ಆದ್ರೆ ಫ್ಲೋಟ್ ಯಾವಾಗ ಮಡಚ್ಕೊಳ್ಳತ್ತೆ, ಯಾವಾಗ ಬಿಚ್ಕೊಳ್ಳತ್ತೆ ಅನ್ನೋದು ಕರೆಕ್ಟಾಗಿ ನೆನಪಿತ್ತು. ನನಗಂತೂ ಇಂಥ ಸಾಕ್ಷಿ ಮೇಲೆ ನಂಬಿಕೆ ಜಾಸ್ತಿ. ದೊಡ್ಡೋರು ಪೇಪರಲ್ಲಿ ಓದಿದ್ದನ್ನೂ ಕಣ್ಣಲ್ಲಿ ನೋಡಿದ್ದನ್ನೂ ಕಲಸ್ಬಿಡ್ತಾರೆ, ಓದೋಕೇ ಬರದ ಹುಡುಗನಿಗೆ ಆ ಪ್ರಾಬ್ಲಮ್ ಇಲ್ಲ.

ಯುದ್ಧ ಮುಗಿದ್ಮೇಲೂ ಎಚ್‌ಎಎಲ್‌ಗೆ ಗುಜರಿ ಕೆಲಸ ತಪ್ಲಿಲ್ಲ. ಕಾನ್ಪುರದಲ್ಲಿ ನಾಲ್ಕು ಇಂಜಿನ್ನಿನ ಲಿಬರೇಟರ್ ಬಾಂಬರ್‌ಗಳು ರಾಶಿ ಬಿದ್ದಿದ್ವು, ಮತ್ತೆ ಯಾರೂ ಹಾರಿಸ್ಬಾರ್ದು ಅಂತ ಬೇಕಂತಲೇ ಹಾಳು ಮಾಡಿ ಬಿಟ್ಟು ಹೋಗಿದ್ರು. ನಮ್ಮೋರು ಅಲ್ಲೇ ಹೋಗಿ ಹಾರೋವಷ್ಟರ ಮಟ್ಟಿಗೆ ಸರಿ ಮಾಡೋದು, ಎಚ್‌ಎಎಲ್ ಟೆಸ್ಟ್ ಪೈಲಟ್ ಜಮ್‌ಶೇಡ್ ಮುನ್ಶಿ ಅವ್ರು ಒಂದೊಂದನ್ನೇ ಬೆಂಗಳೂರಿಗೆ ಹಾರಿಸ್ಕೊಂಡ್ ಬರೋದು. ಮುಂದೆ ಏನ್ ಕಿತ್ಕೊಂಡು ಬೀಳತ್ತೋ ಅನ್ನೋ ಗ್ಯಾರಂಟಿ ಇಲ್ಲದ ವಿಮಾನ, ಯೋಚ್ನೆ ಮಾಡಿ. ಇಲ್ಲಿ ಪೂರ್ತಿ ರಿಪೇರಿ ಆಗಿ, ನಮ್ಮ ಏರ್‌ಫೋರ್ಸಲ್ಲಿ 1968ರವರೆಗೂ ಓಡಿದ್ವು. ಅದ್ರಲ್ಲಿ ಒಂದು ಈಗ ಅಮೆರಿಕದ ಅರಿಝೋನಾದಲ್ಲಿರೋ ಪೀಮಾ ಮ್ಯೂಸಿಯಮ್ಮಲ್ಲಿದೆ. ಆ ಕಡೆ ಇರೋ ಕನ್ನಡದೋರು ಯಾರಾದ್ರೂ ಹೋದ್ರೆ ಒಂದು ಫೋಟೋ ಕಳ್ಸಿ, ಮುಂದಿನ ವಿಡಿಯೋಗೆ ಹಾಕ್ತೀನಿ.