ವಾಟರ್ ಪಂಪ್ ಸೋರಿದ್ರೆ ಸ್ಪಾರ್ಕ್ ಯಾಕೆ ಸಾಯುತ್ತೆ? ಹಳೇ ಕಾರ್ವೆಟ್‌ನ ಆಪ್ಟಿಸ್ಪಾರ್ಕ್ ಪುರಾಣ

ನಮಸ್ಕಾರ. ನೇರವಾಗಿ ಪ್ರಶ್ನೆಗೇ ಬರೋಣ. 1990ರ ದಶಕದ ಒಂದು ಷೆವರ್ಲೆ ಕಾರ್ವೆಟ್. ವಾಟರ್ ಪಂಪ್‌ನಿಂದ ಒಂದೆರಡು ಹನಿ ಕೂಲಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಒಸರ್ತಾ ಇದೆ. ಎಂಜಿನ್ ಬಿಸಿಯಾಗಿಲ್ಲ, ಟೆಂಪರೇಚರ್ ಸರಿಯಾಗೇ ಇದೆ. ಆದ್ರೆ ಗಾಡಿ ಮಿಸ್ ಹೊಡೀತಾ ಇದೆ, ಪಿಕಪ್ ಇಲ್ಲ, ಮಳೆ ಬಂದ ದಿನ ಸ್ಟಾರ್ಟೇ ಆಗಲ್ಲ. ಸೋರ್ತಾ ಇರೋದು ಕೂಲಿಂಗ್, ಸಾಯ್ತಾ ಇರೋದು ಇಗ್ನಿಷನ್, ಅಂದ್ರೆ ಇಂಧನಕ್ಕೆ ಕಿಡಿ ಹಚ್ಚೋ ವ್ಯವಸ್ಥೆ. ಇವೆರಡಕ್ಕೂ ಏನು ನಂಟು?

[ಪರದೆಯಲ್ಲಿ: ಎಂಜಿನ್‌ನ ಮುಂಭಾಗ. ಪಂಪ್‌ಗೆ ನೀಲಿ ಬಣ್ಣ, ಅದರ ಅಡಿಯ ದುಂಡನೆ ಡಬ್ಬಿಗೆ ಕೆಂಪು.]

ಈ ಚಿತ್ರ ನೋಡಿದ್ರೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಮೇಲೆ ವಾಟರ್ ಪಂಪ್, ಅದರ ಅಡಿಗೇ ಡಿಸ್ಟ್ರಿಬ್ಯೂಟರ್, ಅಂದ್ರೆ ಒಂದೊಂದೇ ಸಿಲಿಂಡರಿಗೆ ಸರದಿ ಪ್ರಕಾರ ಕಿಡಿ ಹಂಚೋ ಡಬ್ಬಿ. ಮನೆ ಕಟ್ಟಿಸೋವಾಗ ಸಿಂಟೆಕ್ಸ್ ಟ್ಯಾಂಕ್ ಅಡಿಗೇ ಕರೆಂಟ್ ಮೀಟರ್ ಬೋರ್ಡ್ ಹಾಕಿಸಿದ ಹಾಗೆ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ನಾಲ್ಕನೇ ತಲೆಮಾರಿನ ಕಾರ್ವೆಟ್, ಅಂದ್ರೆ ಸಿ4, ಅದರಲ್ಲಿ 1992ರಿಂದ 1996ರವರೆಗೆ ಬಂದ ಎಲ್‌ಟಿ1 ಎಂಜಿನ್. 5.7 ಲೀಟರ್ ವಿ8, 300 ಅಶ್ವಶಕ್ತಿ. ವಿಐಎನ್, ಅಂದ್ರೆ ಗಾಡಿಯ ಗುರುತಿನ ಸಂಖ್ಯೆ, ಅದರ ಎಂಟನೇ ಅಕ್ಷರ ‘ಪಿ’ ಇದ್ರೆ ಇದೇ ಎಂಜಿನ್. ಪಾರ್ಟ್ಸ್ ತರಿಸೋವಾಗ ಹುಷಾರು: ಎಲ್‌ಟಿ1 ಹೆಸರನ್ನ ಜನರಲ್ ಮೋಟರ್ಸ್ 1970ರಲ್ಲೂ ಇಟ್ಟಿತ್ತು, 2014ರ ಕಾರ್ವೆಟ್‌ಗೆ ಮತ್ತೆ ಇಟ್ಟಿತು. ಮೂರೂ ಬೇರೆ ಬೇರೆ ಎಂಜಿನ್. ಅದೇ ಕಾಲದ ಝಡ್‌ಆರ್-1ನಲ್ಲಿ ಇರೋದು ಎಲ್‌ಟಿ5, ಅದಕ್ಕೂ ಈ ಕಾಯಿಲೆಗೂ ಸಂಬಂಧ ಇಲ್ಲ.

ಈಗ, ಎಂಜಿನಿಯರ್‌ಗಳಿಗೆ ಬುದ್ಧಿ ಇರ್ಲಿಲ್ವಾ? ಇತ್ತು, ಬೇಕಾದಷ್ಟು ಇತ್ತು. ಹಳೇ ಷೆವಿ ವಿ8ನಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಭಾಗದಲ್ಲಿ ನಿಂತಿರ್ತಿತ್ತು, ಕ್ಯಾಮ್‌ಶಾಫ್ಟ್‌ನ (ವಾಲ್ವ್‌ಗಳನ್ನ ತೆರೆಯೋ ದಂಡ) ಗೇರ್ ಅದನ್ನ ತಿರುಗಿಸ್ತಿತ್ತು. ಗೇರ್ ಹಲ್ಲುಗಳ ನಡುವೆ ಒಂಚೂರು ಸಡಿಲ ಇದ್ದೇ ಇರುತ್ತೆ, ಆ ಸಡಿಲದಷ್ಟು ಟೈಮಿಂಗ್, ಅಂದ್ರೆ ಕಿಡಿ ಹಾರೋ ಹೊತ್ತು, ಅಲುಗಾಡುತ್ತೆ. ಎಲ್‌ಟಿ1ನಲ್ಲಿ ಆ ಗೇರ್ ಅನ್ನೇ ಬಿಟ್ಟು, ಕ್ಯಾಮ್‌ಶಾಫ್ಟ್‌ನ ಮುಂದಿನ ತುದಿಗೇ ಡಿಸ್ಟ್ರಿಬ್ಯೂಟರ್ ಕೂರಿಸಿದ್ರು. ಅದರ ಹೆಸರೇ ಆಪ್ಟಿಸ್ಪಾರ್ಕ್.

[ಪರದೆಯಲ್ಲಿ: ಬಿಚ್ಚಿದ ಆಪ್ಟಿಸ್ಪಾರ್ಕ್. ಕ್ಯಾಪ್, ರೋಟರ್, ಕೆಳಗೆ ತೆಳು ತಟ್ಟೆ.]

ಇದರ ಒಳಗಿರೋ ತಟ್ಟೆ ಇದೆಯಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ತೆಳುವಾದ ಲೋಹದ ತಟ್ಟೆ. ಹೊರ ಅಂಚಿನ ಸುತ್ತ 360 ಸಣ್ಣ ಕಿಂಡಿ. ಅದರ ಒಳಸುತ್ತಿನಲ್ಲಿ ಎಂಟು ದೊಡ್ಡ ಕಿಂಡಿ, ಸಿಲಿಂಡರ್‌ಗೆ ಒಂದು. ತಟ್ಟೆಯ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಹಿಡಿಯೋ ಸೆನ್ಸರ್. ಮೂಲ ಸೆನ್ಸರ್ ಮಾಡಿದ್ದು ಜಪಾನಿನ ಮಿತ್ಸುಬಿಷಿ. ಎಂಟು ಕಿಂಡಿಗಳ ಅಗಲ ಒಂದೇ ಅಲ್ಲ. ಒಂದು ದೊಡ್ಡ ಕಿಂಡಿ ದಾಟೋ ಹೊತ್ತಿಗೆ ಎಷ್ಟು ಸಣ್ಣ ಕಿಂಡಿ ದಾಟಿದವು ಅಂತ ಎಣಿಸಿ, ಈಗ ಯಾವ ಸಿಲಿಂಡರಿನ ಸರದಿ ಅಂತ ಕಂಪ್ಯೂಟರ್ ಕಂಡುಹಿಡಿಯುತ್ತೆ. ಎಂಜಿನ್ 6000 ಆರ್‌ಪಿಎಂನಲ್ಲಿ ಓಡ್ತಾ ಇದ್ರೆ ಕ್ಯಾಮ್ ತಿರುಗೋದು 3000. ಅಂದ್ರೆ ಸೆಕೆಂಡಿಗೆ 50 ಸುತ್ತು, 50 ಗುಣಿಸು 360. ಸೆಕೆಂಡಿಗೆ 18,000 ಸಲ ಬೆಳಕು ಮಿನುಗುತ್ತೆ! 1992ರಲ್ಲಿ! ರಸ್ತೆ ಮೇಲೆ ಓಡಾಡೋ ಕಾರಿನಲ್ಲಿ!

ಇಷ್ಟು ನಾಜೂಕಾದ ಯಂತ್ರವನ್ನ ಅವರು ಇಟ್ಟಿದ್ದು ಎಲ್ಲಿ? 20 ಸಾವಿರ ವೋಲ್ಟ್‌ಗೂ ಮೇಲೆ ಕಿಡಿ ಹಾರೋ ಡಬ್ಬಿಯ ಒಳಗೇ. ನಿಜವಾದ ವಿಲನ್ ಇಲ್ಲಿದ್ದಾನೆ, ಮೇಲಿಂದ ಬೀಳೋ ನೀರಿನ ಪಾತ್ರ ಆಮೇಲಿನದು. ಗಾಳಿಯಲ್ಲಿ ಕಿಡಿ ಹಾರಿದ್ರೆ ಓಝೋನ್ ಹುಟ್ಟುತ್ತೆ, ನೈಟ್ರೋಜನ್ ಆಕ್ಸೈಡ್‌ಗಳೂ ಹುಟ್ಟುತ್ತವೆ. ಡಬ್ಬಿ ಮುಚ್ಚಿರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೆ ಒಂಚೂರು ತೇವ ಸೇರಿದ್ರೆ ನೈಟ್ರಿಕ್ ಆಸಿಡ್. ಆ ಆಸಿಡ್ ರೋಟರ್‌ನ (ತಿರುಗ್ತಾ ಕಿಡಿ ಹಂಚೋ ತುಂಡು) ಲೋಹ, ಸ್ಕ್ರೂಗಳು, ಕ್ಯಾಪಿನ ಟರ್ಮಿನಲ್ ಎಲ್ಲವನ್ನೂ ತಿನ್ನುತ್ತೆ. ತುಕ್ಕಿನ ಪುಡಿ ಹಾರಿ ತಟ್ಟೆ ಮೇಲೆ ಕೂರುತ್ತೆ. ಮೊದಲು ಮುಚ್ಚೋದು ಸಣ್ಣ ಕಿಂಡಿಗಳೇ. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಮೊದಲು ತೋರಿಸೋ ದೋಷದ ಕೋಡ್ 36, ಅಂದ್ರೆ ಆ 360 ಕಿಂಡಿಗಳ ಸಿಗ್ನಲ್ ಕೈಕೊಟ್ಟಿದೆ ಅಂತ. ಆಗಲೂ ಗಾಡಿ ಹೇಗೋ ತೆವಳುತ್ತೆ. ಕೋಡ್ 16 ಬಂದ್ರೆ ಎಂಟು ಕಿಂಡಿಯ ಸಿಗ್ನಲ್ಲೇ ಇಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತೆ. 1996ರ ಗಾಡಿಗೆ ಓಬಿಡಿ-2 (ದೋಷ ಪತ್ತೆಯ ಹೊಸ ವ್ಯವಸ್ಥೆ) ಬಂದಿದ್ದರಿಂದ ಕೋಡ್‌ಗಳು ಬೇರೆ.

ಜನರಲ್ ಮೋಟರ್ಸ್‌ಗೂ ಇದು ತಡವಾಗಿ ಅರ್ಥ ಆಯ್ತು. 1995ರ ಕಾರ್ವೆಟ್‌ನಿಂದ ಡಬ್ಬಿಗೆ ಎರಡು ಸಣ್ಣ ಹೋಸ್ ಕೊಟ್ರು. ಒಂದರಿಂದ ಫಿಲ್ಟರ್ ಆದ ಗಾಳಿ ಒಳಗೆ, ಇನ್ನೊಂದರಿಂದ ಎಂಜಿನ್ನಿನ ವ್ಯಾಕ್ಯೂಮ್ ಅದನ್ನ ಹೊರಗೆ ಎಳೆಯುತ್ತೆ. ಡಬ್ಬಿಗೆ ಉಸಿರಾಟ ಬಂತು, ಆಯಸ್ಸೂ ಹೆಚ್ಚಾಯ್ತು. ‘ನನ್ನದು 93ರ ಗಾಡಿ, ಇದನ್ನೇ ಹಾಕ್ಕೊಳ್ಳಲಾ?’ ಅಂದ್ರೆ, ಹಾಗೇ ಕೂರಲ್ಲ. ಹಳೆಯದಕ್ಕೆ ಸ್ಪ್ಲೈನ್ (ಉದ್ದುದ್ದ ಹಲ್ಲಿನ) ಶಾಫ್ಟ್, ಹೊಸದಕ್ಕೆ ಪಿನ್. ಟೈಮಿಂಗ್ ಕವರ್ (ಎಂಜಿನ್ ಮುಂಭಾಗದ ಮುಚ್ಚಳ), ಕ್ಯಾಮ್ ಗೇರ್, ಕ್ಯಾಮ್ ಪಿನ್ ಎಲ್ಲ ಬದಲಾಗಬೇಕು. ಹೊಸ ಮಾದರಿ ಇರೋರು ಆ ಹೋಸ್‌ಗಳನ್ನ ಮರೀಬೇಡಿ. ಮೂವತ್ತು ವರ್ಷದ ರಬ್ಬರ್, ಬಿರುಕು ಬಿಟ್ಟಿರುತ್ತೆ. ಇಲ್ಲವೇ ಹಿಂದಿನ ಮೆಕ್ಯಾನಿಕ್ ‘ಇದೇನೋ ಬೇಡದ್ದು’ ಅಂತ ಕಿತ್ತು ಬಿಸಾಕಿರ್ತಾನೆ.

ಸರಿ, ಪಂಪಿನ ಕಡೆ ಬರೋಣ. ಇದೂ ಮಾಮೂಲಿ ಪಂಪಲ್ಲ. ಬೆಲ್ಟ್ ಇಲ್ಲ, ಟೈಮಿಂಗ್ ಕವರ್ ತೂರಿ ಬರೋ ಒಂದು ಶಾಫ್ಟ್ ಇದನ್ನ ತಿರುಗಿಸುತ್ತೆ. ತಣ್ಣಗಿನ ಕೂಲಂಟ್ ಮೊದಲು ಸಿಲಿಂಡರ್ ಹೆಡ್‌ಗೆ (ಎಂಜಿನ್ನಿನ ಮೇಲ್ಭಾಗ), ಆಮೇಲೆ ಬ್ಲಾಕ್‌ಗೆ (ಕೆಳಭಾಗ). ಬೇರೆ ಎಂಜಿನ್‌ಗಳಲ್ಲಿ ಇದು ತಿರುಗುಮುರುಗು. ಹೆಡ್ ತಣ್ಣಗಿದ್ರೆ ನಾಕಿಂಗ್ (ಇಂಧನ ತಾನಾಗೇ ಸಿಡಿಯೋದು) ಕಡಿಮೆ, ಹಾಗಾಗಿ ಕಂಪ್ರೆಷನ್ (ಗಾಳಿ-ಇಂಧನವನ್ನ ಹಿಂಡೋ ಪ್ರಮಾಣ) ಹೆಚ್ಚು ಇಡಬಹುದು. ಪಂಪಿನ ಒಳಗಿನ ಸೀಲ್ ಸವೆದ್ರೆ ‘ಸೀಲ್ ಹೋಯ್ತು’ ಅಂತ ತಿಳಿಸೋಕೆ ಅಡಿಯಲ್ಲಿ ಒಂದು ಸಣ್ಣ ತೂತು ಇದೆ. ಆ ಹನಿ ಬೀಳೋದು ಯಾವುದರ ಮೇಲೆ ಅಂತ ಮತ್ತೆ ಹೇಳಬೇಕಿಲ್ಲ.

ಹಾಗಾಗಿ ನಿಯಮ ಒಂದೇ: ಸೋರಿಕೆ ಪತ್ತೆ ಮಾಡದೆ ಆಪ್ಟಿಸ್ಪಾರ್ಕ್ ಬದಲಾಯಿಸಬಾರದು. ಕೂಲಿಂಗ್ ಪ್ರೆಷರ್ ಟೆಸ್ಟರ್ ತಗೊಂಡು ತಣ್ಣಗಿನ ಎಂಜಿನ್‌ಗೆ 15 ಪಿಎಸ್‌ಐ ಒತ್ತಡ ಕೊಡಿ, ಇಪ್ಪತ್ತು ನಿಮಿಷ ಬಿಡಿ. ಟಾರ್ಚ್, ಪುಟ್ಟ ಕನ್ನಡಿ ಹಿಡಿದು ಆ ತೂತು ನೋಡಿ. ಒಣಗಿದ ಬಿಳಿ ಅಥವಾ ಹಸಿರು ಕಲೆ ಇದ್ರೂ ಪಂಪ್ ಹೋಗಿದೆ ಅಂತಲೇ ಲೆಕ್ಕ.

[ಪರದೆಯಲ್ಲಿ: ಪಾರ್ಟ್ಸ್ ಮೇಜಿನ ಮೇಲೆ.]

ಬೇಕಾದದ್ದು: ಪಂಪ್, ಅದರ ಎರಡು ಗ್ಯಾಸ್ಕೆಟ್, ಟೈಮಿಂಗ್ ಕವರಿನ ಮೂರು ಆಯಿಲ್ ಸೀಲ್ (ಕ್ರ್ಯಾಂಕ್, ಪಂಪ್ ಶಾಫ್ಟ್, ಆಪ್ಟಿ ಶಾಫ್ಟ್), ಥರ್ಮೋಸ್ಟಾಟ್, ಎಂಟು ಪ್ಲಗ್, ಪ್ಲಗ್ ವೈರ್ ಸೆಟ್, ಕೂಲಂಟ್. ಆಪ್ಟಿ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಒಳಗಿನ ಮಿತ್ಸುಬಿಷಿ ಸೆನ್ಸರ್ ಚೆನ್ನಾಗಿದ್ರೆ ಅದನ್ನ ಉಳಿಸಿಕೊಳ್ಳಿ, ಕ್ಯಾಪ್, ರೋಟರ್ ಮಾತ್ರ ಹೊಸದು ಹಾಕಿ. ಅಗ್ಗದ ಪೂರ್ತಿ ಯೂನಿಟ್ ತಗೊಂಡ್ರೆ ಹೊಳೆಯೋ ಡಬ್ಬಿ ಸಿಗುತ್ತೆ, ಒಳಗಿನ ಸೆನ್ಸರ್ ಯಾರು ಮಾಡಿದ್ದೋ ಆ ದೇವರಿಗೇ ಗೊತ್ತು. ರೋಟರ್ ಸ್ಕ್ರೂಗೆ ನೀಲಿ ಥ್ರೆಡ್ ಲಾಕ್ ಒಂದು ಹನಿ ಹಾಕಲೇಬೇಕು. ಅದು ಬಿಚ್ಚಿಕೊಂಡ್ರೆ ರೋಟರ್ ಕ್ಯಾಪನ್ನೇ ಪುಡಿ ಮಾಡುತ್ತೆ.

ಕೆಲಸ ಶುರು. ಬ್ಯಾಟರಿ ನೆಗೆಟಿವ್ ತೆಗೀರಿ, ರೇಡಿಯೇಟರ್ ಖಾಲಿ ಮಾಡಿ. ಇಷ್ಟಕ್ಕೇ ಎಲ್ಲ ಬಂತು ಅಂದ್ಕೋಬೇಡಿ, ಬ್ಲಾಕ್ ಮತ್ತು ಹೆಡ್‌ನಲ್ಲಿ ಇನ್ನೂ ಕೂಲಂಟ್ ಕೂತಿದೆ. ಬ್ಲಾಕಿನ ಪಕ್ಕದ ನಾಕ್ ಸೆನ್ಸರ್ ಕೂತಿರೋದೇ ಡ್ರೈನ್ ತೂತಿನಲ್ಲಿ. ಅದನ್ನ ಬಿಚ್ಚಿದ್ರೆ ಉಳಿದದ್ದು ಬರುತ್ತೆ, ಸಾಮಾನ್ಯವಾಗಿ ತೋಳಿನ ಒಳಗೇ ಬರುತ್ತೆ. ಕೆಳಗೆ ಅಗಲದ ಟ್ರೇ ಇಡಿ. ನಾಯಿ, ಬೆಕ್ಕು ನೆಕ್ಕಿದ್ರೆ ಈ ಸಿಹಿ ನೀರು ಪ್ರಾಣ ತೆಗೆಯುತ್ತೆ.

ಪಂಪಿನ ಆರು ಬೋಲ್ಟ್ ಬಿಚ್ಚೋ ಮುಂಚೆ, ಆಪ್ಟಿ ಉಳಿಸಿಕೊಳ್ಳೋ ಪ್ಲಾನ್ ಇದ್ರೆ ಅದಕ್ಕೆ ಪ್ಲಾಸ್ಟಿಕ್ ಸುತ್ತಿ. ಪಂಪ್ ಕಿತ್ತ ಕ್ಷಣ ಹೆಡ್‌ನಲ್ಲಿ ಉಳಿದದ್ದು ಅದರ ಮೇಲೇ ಸುರಿಯುತ್ತೆ. ಆಪ್ಟಿ ಹೊರಗೆ ಬರಬೇಕಾದ್ರೆ ಕ್ರ್ಯಾಂಕ್ ಡ್ಯಾಂಪರ್ (ಎಂಜಿನ್ನಿನ ಮುಖ್ಯ ದಂಡದ ತುದಿಯಲ್ಲಿ ನಡುಕ ತಗ್ಗಿಸೋ ಚಕ್ರ) ತೆಗೀಬೇಕು, ಮೂರು ಬೋಲ್ಟ್. ಬಿಚ್ಚೋ ಮುಂಚೆ ಡ್ಯಾಂಪರ್, ಅದು ಕೂರೋ ಹಬ್ ಎರಡರ ಮೇಲೂ ಪೇಂಟ್ ಗುರುತು ಹಾಕಿ. ಅದು ಮೂರು ರೀತಿಯಲ್ಲೂ ಕೂರುತ್ತೆ, ಸರಿಯಾದದ್ದು ಒಂದೇ. ಕ್ರ್ಯಾಂಕ್ ಸೀಲ್ ಬದಲಾಯಿಸೋದಾದ್ರೆ ಪುಲ್ಲರ್ ಹಾಕಿ ಹಬ್ ಅನ್ನೂ ತೆಗೀಬೇಕು. ಹಬ್‌ಗೆ ಜಾಗ ಹಿಡಿದಿಡೋ ಕೀ ಇಲ್ಲ, ಅದಕ್ಕೂ ಗುರುತು ಬೇಕು. ತಪ್ಪಿದ್ರೆ ಬ್ಯಾಲೆನ್ಸ್ ಕೆಟ್ಟು ಎಂಜಿನ್ ನಡುಗುತ್ತೆ. ಸಿ4ನ ಬಾನೆಟ್ ಎತ್ತಿದ್ರೆ ಕಾರಿನ ಇಡೀ ಮೂತಿಯೇ ಎದ್ದು ಬರುತ್ತೆ, ಎಲ್ಲ ಕೈಗೆಟುಕೋ ಹಾಗೆ ಕಾಣುತ್ತೆ. ಈ ಒಂದು ಜಾಗ ಮಾತ್ರ ಇಕ್ಕಟ್ಟು.

ಸೀಲ್‌ಗಳನ್ನ ಒಣಗಿದ ಶಾಫ್ಟ್ ಮೇಲೆ ತಳ್ಳಬೇಡಿ, ತುಟಿ ಮಡಚಿಕೊಂಡು ಎಣ್ಣೆ ಸೋರುತ್ತೆ. ಆ ಎಣ್ಣೆಯೂ ಹೋಗೋದು ಆಪ್ಟಿ ಕಡೆಗೇ. ತೆಳು ಪ್ಲಾಸ್ಟಿಕ್ ಹಾಳೆಯನ್ನ ಕೊಳವೆ ಥರ ಸುತ್ತಿ, ಅದರ ಮೇಲೆ ಸೀಲ್ ಜಾರಿಸಿ, ಆಮೇಲೆ ಹಾಳೆ ಎಳ್ಕೊಳ್ಳಿ.

ಆಪ್ಟಿ ಕೂರಿಸೋವಾಗ ಕೈಯಲ್ಲಿ ಒತ್ತಿದ್ರೇ ಅದು ಕವರ್‌ಗೆ ಪೂರ್ತಿ ತಾಗಬೇಕು. ತಾಗದಿದ್ರೆ ತೆಗೆದು, ಶಾಫ್ಟ್ ಸ್ವಲ್ಪ ತಿರುಗಿಸಿ, ಮತ್ತೆ ಕೂರಿಸಿ. ಬೋಲ್ಟ್ ಬಿಗಿ ಮಾಡಿ ಎಳೆಯೋಕೆ ಹೋದ್ರೆ ಹೊಸ ಯೂನಿಟ್ ಅಲ್ಲೇ ಒಡೆಯುತ್ತೆ. ಮೂರು ಬೋಲ್ಟ್‌ಗೆ 11-12 ನ್ಯೂಟನ್ ಮೀಟರ್ ಸಾಕು. ಪಂಪ್ ಬೋಲ್ಟ್‌ಗೆ ಸುಮಾರು 40, ಡ್ಯಾಂಪರ್‌ಗೆ ಸುಮಾರು 80. ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದೇ ಸರಿ.

ಪಂಪ್ ಹಾಕೋ ಮುಂಚೆಯೇ ಪ್ಲಗ್ ವೈರ್‌ಗಳನ್ನ ಕ್ಯಾಪ್‌ಗೆ ಸಿಕ್ಕಿಸಿ, ಒಂದೊಂದನ್ನೂ ಎಳೆದು ನೋಡಿ. ಬೆಸ ಸಂಖ್ಯೆಯ ಸಿಲಿಂಡರ್ ಡ್ರೈವರ್ ಕಡೆ (ಅಮೆರಿಕದ ಗಾಡಿ, ಡ್ರೈವರ್ ಎಡಕ್ಕೆ ಅನ್ನೋದು ನೆನಪಿರಲಿ), ಸಮ ಸಂಖ್ಯೆ ಇನ್ನೊಂದು ಕಡೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಸಿಗೋ ಸರದಿ) 1-8-4-3-6-5-7-2 ಅಂತ ಸುತ್ತಲೂ ಜೋಡಿಸೋಕೆ ಹೋಗಬೇಡಿ, ಆ ಅದಲುಬದಲು ಕ್ಯಾಪಿನ ಒಳಗೇ ಆಗಿದೆ. ಕ್ಯಾಪಿನ ಮೇಲಿನ ನಂಬರ್ ನೋಡಿ ಹಾಕಿ. ಪ್ಲಗ್ ಗ್ಯಾಪ್ 1.27 ಮಿಲಿಮೀಟರ್.

ಟೈಮ್ ಓಡ್ತಾ ಇದೆ, ಉಳಿದದ್ದು ಪಟಪಟನೆ. ಥರ್ಮೋಸ್ಟಾಟ್ 82 ಡಿಗ್ರಿಯದು, ಎಲ್‌ಟಿ1ಗೆ ಅಂತಲೇ ಮಾಡಿದ್ದು ತಗೊಳ್ಳಿ, ಹಳೇ ಷೆವಿಯದ್ದು ಆಗಲ್ಲ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಥರ್ಮೋಸ್ಟಾಟ್ ಹೌಸಿಂಗ್ ಮೇಲಿನ ಹಿತ್ತಾಳೆ ಬ್ಲೀಡರ್ ಸ್ಕ್ರೂ ತೆಗೆದು, ಗುಳ್ಳೆ ನಿಂತು ಧಾರೆ ಬರೋವರೆಗೆ ಗಾಳಿ ಬಿಡಿ. ಆದ್ರೆ ಸ್ಕ್ರೂಗೆ ಸಣ್ಣ ಹೋಸ್ ಹಾಕಿ ಬಾಟಲಿಗೆ ಬಿಡಿ, ಯಾಕಂದ್ರೆ ಇದೂ ಆಪ್ಟಿ ನೆತ್ತಿ ಮೇಲೇ ಇದೆ!

ಎಲ್ಲ ಹೊಸದಾದ್ರೂ ಹೈವೇನಲ್ಲಿ ಬಿಸಿ ಏರಿದ್ರೆ ಪಂಪನ್ನ ಬೈಬೇಡಿ. ಸಿ4 ಗಾಳಿ ಎಳೆಯೋದು ಬಂಪರ್ ಅಡಿಯಿಂದ, ಜೊತೆಗೆ ಒಣಗಿದ ಎಲೆ, ಪ್ಲಾಸ್ಟಿಕ್ ಚೀಲವನ್ನೂ ಎಳೆಯುತ್ತೆ. ಅವು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಸದ ರಾಶಿಯಾಗಿರುತ್ತವೆ. ಅಡಿಯ ಏರ್ ಡ್ಯಾಮ್ (ಗಾಳಿಯನ್ನ ಮೇಲಕ್ಕೆ ತಿರುಗಿಸೋ ಪಟ್ಟಿ) ಮುರಿದಿದ್ರೂ ಇದೇ ಕಥೆ. ಟ್ರಾಫಿಕ್‌ನಲ್ಲಿ ಮಾತ್ರ ಏರಿದ್ರೆ ಫ್ಯಾನ್ ನೋಡಿ. ಫ್ಯಾನ್ ಶುರುವಾಗೋದೇ 108 ಡಿಗ್ರಿ ಆಸುಪಾಸಿನಲ್ಲಿ, ಅದಕ್ಕೆ ಮುಂಚೆ ಗಾಬರಿ ಬೇಡ.

ಎಲ್ಲ ಮಾಡಿದ್ಮೇಲೂ ಬಿಸಿಯಾದಾಗ ಮಾತ್ರ ಎಂಜಿನ್ ನಿಂತು, ತಣ್ಣಗಾದ್ಮೇಲೆ ಸ್ಟಾರ್ಟ್ ಆಗ್ತಿದ್ರೆ ಬಲಗಡೆ ಹೆಡ್‌ನ ಮುಂದಿರೋ ಇಗ್ನಿಷನ್ ಮಾಡ್ಯೂಲ್ (ಕಿಡಿಯ ಕರೆಂಟನ್ನ ಹಾಯಿಸಿ ನಿಲ್ಲಿಸೋ ಎಲೆಕ್ಟ್ರಾನಿಕ್ ತುಂಡು) ಮೇಲೆ ಅನುಮಾನ ಇಡಿ. ಹೊಸದು ಹಾಕೋವಾಗ ಅಡಿಗೆ ಹೀಟ್ ಸಿಂಕ್ ಪೇಸ್ಟ್ ಹಚ್ಚಿ. ಆಪ್ಟಿಗೆ ಬರೋ ವೈರಿಂಗ್ ಕನೆಕ್ಟರ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯಾ ಅಂತಲೂ ನೋಡಿ. ಮತ್ತೆ ಎಂಜಿನ್ ಇರೋ ಜಾಗಕ್ಕೆ ಪ್ರೆಷರ್ ವಾಷರ್ ಹಿಡಿಯೋ ಸರ್ವಿಸ್ ಸ್ಟೇಷನ್‌ನವರಿಗೆ, ‘ಅಣ್ಣಾ, ಬಾನೆಟ್ ಮುಟ್ಟಬೇಡಿ’ ಅಂತ ಮೊದಲೇ ಹೇಳಿಬಿಡಿ.