ಹಾರುವುದು ತಿನ್ನುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಅಜ್ಜಿ ಕೊಟ್ಟ ಒಂದು ಉಣ್ಣೆ ಶಾಲು ನನ್ನ ಹತ್ತಿರ ಇದೆ. ಜೋಪಾನವಾಗಿರಲಿ ಎಂದು ಅದನ್ನು ಬೀರುವಿನ ತಳದಲ್ಲಿ, ಎಲ್ಲ ಬಟ್ಟೆಗಳ ಅಡಿಯಲ್ಲಿ ಮಡಿಸಿಟ್ಟಿದ್ದೆ. ಎರಡು ವರ್ಷ ಮುಟ್ಟಿರಲಿಲ್ಲ. ಒಂದು ದಿನ ತೆಗೆದು ಬೆಳಕಿಗೆ ಹಿಡಿದರೆ, ಮಡಿಕೆಯ ಉದ್ದಕ್ಕೂ ತೂತು. ಕರುಳು ಚುರುಕ್ ಎಂದಿತು. ಅದು ಬಟ್ಟೆ ನುಸಿ ಎಂಬ ಪುಟ್ಟ ಪತಂಗದ ಕೆಲಸ. ಆವತ್ತಿನಿಂದ ನಾನು ಈ ನುಸಿಯ ಬೆನ್ನು ಹತ್ತಿದ್ದೇನೆ. ತಿಳಿದದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮನೆಯಲ್ಲಿ ಪುಟ್ಟ ಪತಂಗವೊಂದು ಹಾರಿದರೆ ಅದರ ಹಿಂದೆ ಓಡಿ ಎರಡು ಕೈಯಲ್ಲಿ ಚಪ್ಪಾಳೆ ಹೊಡೆಯುತ್ತೇವೆ, ಅಲ್ವಾ? ಆದರೆ ಬಟ್ಟೆ ತಿಂದದ್ದು ಅದಲ್ಲ. ರೆಕ್ಕೆ ಬಂದ ಬಟ್ಟೆ ನುಸಿ ಏನನ್ನೂ ತಿನ್ನುವುದಿಲ್ಲ. ಮರಿಯಾಗಿದ್ದಾಗ ತಿಂದು ಕೂಡಿಟ್ಟ ಶಕ್ತಿಯಲ್ಲೇ ಉಳಿದ ದಿನ ಕಳೆಯುತ್ತದೆ. ಬಟ್ಟೆ ತಿನ್ನುವುದು ಅದರ ಮರಿಹುಳು. ನಮ್ಮ ಕಣ್ಣಿಗೆ ಬೀಳುವ ಹಾರಾಟ ಹೆಚ್ಚಾಗಿ ಗಂಡಿನದು. ಹೆಣ್ಣು ಹಾರುವುದು ಕಡಿಮೆ. ಅದು ಮಡಿಕೆಗಳ ನಡುವೆ ಓಡಾಡಿಕೊಂಡು 40, 50 ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ಪತಂಗ ಹೊಡೆದು ಕೆಲಸ ಮುಗಿಯಿತು ಎಂದು ಕೂತರೆ, ಬೀರುವಿನೊಳಗೆ ಊಟ ನಡೆದೇ ಇರುತ್ತದೆ.

ಹಾಗೆಯೇ, ರಾತ್ರಿ ದೀಪದ ಸುತ್ತ ಸುತ್ತುವ ಪತಂಗಗಳನ್ನು ಸುಮ್ನೆ ಅನುಮಾನಿಸಬೇಡಿ. ಬಟ್ಟೆ ನುಸಿಗೆ ಬೆಳಕು ಆಗುವುದಿಲ್ಲ. ಒಣಹುಲ್ಲಿನ ಬಣ್ಣ, ಉದ್ದ 6ರಿಂದ 8 ಮಿಲಿಮೀಟರ್. ಬಟ್ಟೆ ಎತ್ತಿದ ಕೂಡಲೇ ಕತ್ತಲೆಯತ್ತ ಓಡಿದರೆ ಅದೇ ಕಳ್ಳ.

ಮರಿಹುಳುವಿಗೆ ಬೇಕಾದದ್ದು ಪ್ರಾಣಿಗಳಿಂದ ಬಂದ ನೂಲು. ಉಣ್ಣೆ, ತುಪ್ಪಳ, ಗರಿ, ರೇಷ್ಮೆ. ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ಅರಗಿಸಿಕೊಳ್ಳುವ ಹೊಟ್ಟೆ ಬಹಳ ಕಡಿಮೆ ಜೀವಿಗಳಿಗಿದೆ. ಈ ಹುಳುವಿಗೆ ಇದೆ. ಬರೀ ಹತ್ತಿ, ಪಾಲಿಯೆಸ್ಟರ್ ಅದಕ್ಕೆ ಬೇಡ. ಆದರೆ ಬೆವರು, ಊಟದ ಕಲೆ ಅಂಟಿದ್ದರೆ ಅವಕ್ಕೂ ಬಾಯಿ ಹಾಕಬಹುದು. ಉಣ್ಣೆಯಲ್ಲೂ ಮೊದಲು ಹುಡುಕುವುದು ಕತ್ತಿನ ಪಟ್ಟಿ, ಕಂಕುಳು, ಕಲೆಯಾದ ಜಾಗ. ನಾನು ಮಾಡಿದ ತಪ್ಪು ಇಲ್ಲೇ ಇತ್ತು. ಶಾಲನ್ನು ಒಂದು ಸಂಜೆ ಹೊದ್ದು, ಒಗೆಯದೆ ಹಾಗೇ ಒಳಗಿಟ್ಟಿದ್ದೆ.

ಈಗ ಓಡಿಸುವ ಕೆಲಸ. ಬೀರು ಪೂರ್ತಿ ಖಾಲಿ ಮಾಡಿ. ಅರ್ಧ ಮಾಡಿದರೆ ಪ್ರಯೋಜನ ಇಲ್ಲ. ಮೂಲೆ, ಸಂದು, ಹಲಗೆಯ ಅಡಿ, ಹಿಂದಿನ ಗೋಡೆ, ಎಲ್ಲ ಕಡೆ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಹೋಗಲಿ. ಅದು ಇಲ್ಲದಿದ್ದರೆ ಗಟ್ಟಿ ಬ್ರಷ್ ಹಾಕಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಬಂದ ಧೂಳನ್ನು ಚೀಲಕ್ಕೆ ಹಾಕಿ ಕಟ್ಟಿ, ಕೂಡಲೇ ಹೊರಗೆ ಸಾಗಿಸಿ. ಮಂಚದ ಅಡಿ, ಕಂಬಳಿಯ ಮೂಲೆ, ಸೋಫಾದ ಸಂದಿನಲ್ಲಿ ಸೇರಿದ ಕೂದಲು, ಸಾಕುಪ್ರಾಣಿಯ ರೋಮ ಕೂಡ ಹುಳುವಿಗೆ ಊಟವೇ.

ಬಟ್ಟೆಯ ಮಾತಿಗೆ ಬಂದರೆ, ಬಿಸಿನೀರು ತಡೆಯುವಂಥದ್ದನ್ನು 60 ಡಿಗ್ರಿಯಲ್ಲಿ ಒಗೆದರೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಉಣ್ಣೆ, ರೇಷ್ಮೆಗೆ ಅಷ್ಟು ಬಿಸಿ ಆಗುವುದಿಲ್ಲ. ಡ್ರೈಕ್ಲೀನಿಂಗ್‌ಗೆ ಕೊಡಬಹುದು. ನನಗೆ ಹಿಡಿಸಿದ್ದು ಫ್ರೀಜರ್ ದಾರಿ. ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಫ್ರಿಜ್‌ನ ಕೆಳಗಿನ ಖಾನೆ ಸಾಲದು. ಅಲ್ಲಿ ಹುಳು ಮಂಕಾಗುತ್ತದೆ, ಸಾಯುವುದಿಲ್ಲ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ.

ನುಸಿಗುಳಿಗೆ ಇದೆಯಲ್ಲ ಎನ್ನುತ್ತೀರಿ. ನ್ಯಾಫ್ತಲೀನ್ ಗುಳಿಗೆ ಕೆಲಸ ಮಾಡುವುದು ಗಾಳಿಯಾಡದ ಪೆಟ್ಟಿಗೆಯೊಳಗೆ ಅದರ ಹಬೆ ದಟ್ಟವಾಗಿ ತುಂಬಿದಾಗ ಮಾತ್ರ. ಆಗಾಗ ತೆರೆಯುವ ಬೀರುವಿನಲ್ಲಿ ನಾಲ್ಕು ಗುಳಿಗೆ ಎಸೆದರೆ ವಾಸನೆ ನಮಗೆ, ಬಟ್ಟೆ ಹುಳುವಿಗೆ. ಮೇಲಾಗಿ ಅದು ವಿಷ. ಮಕ್ಕಳು ಮಿಠಾಯಿ ಎಂದು ಬಾಯಿಗಿಟ್ಟರೆ ಜೀವಕ್ಕೇ ಅಪಾಯ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವಿಗೆ, ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ ತೊಡಿಸಿದರೂ ರಕ್ತಕಣಗಳು ಒಡೆಯುವ ಭಯವಿದೆ. ದಯವಿಟ್ಟು ಹಸುಗೂಸಿನ ಬಟ್ಟೆ, ಹೊದಿಕೆಯ ಹತ್ತಿರ ಅದನ್ನು ಇಡಲೇಬೇಡಿ. ದೇವದಾರು ಮರದ ತುಂಡು, ಲ್ಯಾವೆಂಡರ್ ಹೂವಿನ ಚೀಲ ಅಪಾಯವಿಲ್ಲದವು, ಪರಿಮಳವೂ ಚೆನ್ನ. ಆದರೆ ಅವನ್ನೇ ನಂಬಿ ಕೂರುವ ಹಾಗಿಲ್ಲ.

ಅಡುಗೆಮನೆಯ ಪತಂಗ ಬೇರೆ ಜಾತಿ. ರೆಕ್ಕೆಯ ಬುಡ ಬೂದು, ತುದಿ ತಾಮ್ರದ ಬಣ್ಣ. ಇಂಗ್ಲಿಷಿನಲ್ಲಿ ಇಂಡಿಯನ್ ಮೀಲ್ ಮಾತ್ ಎನ್ನುತ್ತಾರೆ. ನಮ್ಮ ದೇಶಕ್ಕೂ ಆ ಹೆಸರಿಗೂ ಸಂಬಂಧ ಇಲ್ಲ. ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಇಂಡಿಯನ್ ಮೀಲ್ ಎನ್ನುತ್ತಿದ್ದರು, ಅದರಲ್ಲಿ ಸಿಕ್ಕ ಹುಳುವಿಗೆ ಅದೇ ಹೆಸರಾಯಿತು. ಹಿಟ್ಟು, ಕಾಳು, ಒಣಹಣ್ಣುಗಳಲ್ಲಿ ಜೇಡನ ಬಲೆಯಂಥ ಎಳೆ, ಗಂಟು ಗಂಟಾದ ಹಿಟ್ಟು ಕಂಡರೆ ಅದರ ಗುರುತು. ಹಿಡಿದ ಪೊಟ್ಟಣ ಬಿಸಾಡಿ. ಇದರ ಹುಳು ತೆಳು ಪ್ಲಾಸ್ಟಿಕ್, ರಟ್ಟು ಕೊರೆಯುತ್ತದೆ. ಹಾಗಾಗಿ ಬಿಗಿ ಮುಚ್ಚಳದ ಗಾಜಿನ ಇಲ್ಲವೇ ಸ್ಟೀಲ್ ಡಬ್ಬಿ ಬೇಕು. ಹೊಸದಾಗಿ ತಂದ ಹಿಟ್ಟನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ತುಂಬಿಸಿದರೆ ಇನ್ನೂ ಒಳ್ಳೆಯದು. ಕೋಶ ಕಟ್ಟಲು ಹುಳು ತಿಂಡಿ ಬಿಟ್ಟು ದೂರ ಹೋಗುತ್ತದೆ. ಆದ್ದರಿಂದ ತಾರಸಿ, ಗೋಡೆ ಸೇರುವ ಮೂಲೆಯನ್ನೂ, ಡಬ್ಬಿಯ ಮುಚ್ಚಳದ ಅಂಚನ್ನೂ ನೋಡಿ ಒರೆಸಿ.

ಇನ್ನು ಗೋಡೆಗೆ ಅಂಟಿಕೊಂಡು ತೆವಳುವ ಬೂದು ಬಣ್ಣದ ಚಪ್ಪಟೆ ಗೂಡು. ಅದರೊಳಗೂ ಒಂದು ಪತಂಗದ ಮರಿ ಇದೆ. ಹಳೆಯ ಜೇಡರ ಬಲೆ, ಉದುರಿದ ಕೂದಲು ಅದರ ಆಹಾರ. ಬಲೆ ಗುಡಿಸಿ, ಕೋಣೆಯ ತೇವ ಕಡಿಮೆ ಮಾಡಿದರೆ ಅದೂ ಕಡಿಮೆಯಾಗುತ್ತದೆ.

ನುಸಿ ಹೋಯಿತೋ ಇಲ್ಲವೋ ತಿಳಿಯಲು ಫೆರೊಮೋನ್, ಅಂದರೆ ಹೆಣ್ಣು ನುಸಿ ಗಂಡನ್ನು ಸೆಳೆಯುವ ವಾಸನೆ, ಹಚ್ಚಿದ ಅಂಟು ಕಾರ್ಡ್ ಸಿಗುತ್ತದೆ. ಅದಕ್ಕೆ ಗಂಡು ಮಾತ್ರ ಬೀಳುತ್ತದೆ, ಅದರಿಂದ ಮನೆ ಶುದ್ಧವಾಗುವುದಿಲ್ಲ. ಆದರೆ ಎಷ್ಟು ಬಿದ್ದಿವೆ ಎಂದು ಎಣಿಸಬಹುದು. ನನ್ನ ಬೀರುವಿನಲ್ಲಿ ಒಂದು ಕಾರ್ಡ್ ಇದೆ. ಶಾಲು ಎರಡು ವಾರ ಫ್ರೀಜರ್‌ನಲ್ಲಿದ್ದು ಬಂತು, ತೂತುಗಳಿಗೆ ಅದೇ ಬಣ್ಣದ ನೂಲಿನಲ್ಲಿ ರಫು ಹಾಕಿಸಿದೆ. ಈಗ ತಿಂಗಳಿಗೊಮ್ಮೆ ತೆಗೆದು, ಕೊಡವಿ, ಬೇರೆ ಮಡಿಕೆಯಲ್ಲಿ ಮಡಿಸಿಡುತ್ತೇನೆ. ಚಳಿ ಬಂದರೆ ಹೊದೆಯುತ್ತೇನೆ.

ನಮಸ್ಕಾರ.